ಕರುಣಕ್ಕನಿಗೆ ಒಂದು ಹಂಡೆ ಬಿಸಿನೀರು

ಲಿಂಗನಮಕ್ಕಿಯಲ್ಲಿ ಇಡೀ ಶರಾವತಿಯನ್ನೇ ಗೇಟಿನ ಹಿಂದೆ ತೆಪ್ಪಗೆ ನಿಲ್ಲಿಸಿ ನಿವೃತ್ತನಾದವನು ನಾನು. ಅಂಥವನಿಗೆ ಒಬ್ಬ ಹೆಂಗಸಿನ ಸ್ನಾನಕ್ಕೆ ನೀರು ಕಾಯಿಸುವುದು ಯಾವ ಲೆಕ್ಕ! ಹೀಗೆಂದು ನಾನು ಎದೆ ತಟ್ಟಿಕೊಂಡದ್ದು ಸಾಗರದಲ್ಲೂ ಅಲ್ಲ, ಹೊಸನಗರದಲ್ಲೂ ಅಲ್ಲ. ಆಫ್ರಿಕಾದ ದಕ್ಷಿಣಕ್ಕಿರುವ ಲೆಸೊಥೋ ಎಂಬ ಬೆಟ್ಟಗಳ ದೇಶದಲ್ಲಿ.

ನಿವೃತ್ತಿಯಾದ ಮೇಲೆ ನಾನೂ ನನ್ನ ಹೆಂಡತಿ ಸುಗುಣಾಳೂ ಸಾಗರದ ಮನೆಗೆ ಬೀಗ ಹಾಕಿ, ನಮ್ಮ ಚರ್ಚಿನವರ ಮೂಲಕ ಅಲ್ಲಿನ ಒಂದು ಹಳ್ಳಿಗೆ ಮಿಷನರಿ ದಂಪತಿಯಾಗಿ ಹೋದೆವು. ಸುಗುಣಾ ನರ್ಸು, ಅವಳ ಸೇವೆ ಕ್ಲಿನಿಕ್ಕಿನ ಬಾಣಂತಿಯರಿಗೆ. ನನ್ನ ಸೇವೆ ಚರ್ಚಿನ ತಗಡಿಗೆ, ಬಾಗಿಲಿಗೆ, ಬೋರ್‌ವೆಲ್ಲಿನ ಪಂಪಿಗೆ. ಊರವರು ಅವಳನ್ನು ಅಮ್ಮ ಎನ್ನುತ್ತಿದ್ದರು. ನನ್ನನ್ನು ಅಮ್ಮನ ಗಂಡ ಎನ್ನುತ್ತಿದ್ದರು.

ಎಲ್ಲ ಚೆನ್ನಾಗಿಯೇ ಇತ್ತು, ಸುಗುಣಾಳ ಅಕ್ಕ ಹೊಸನಗರದಿಂದ ಫೋನು ಮಾಡುವವರೆಗೆ. ಕರುಣಕ್ಕ ಎಂದರೆ ಸಾಮಾನ್ಯರಲ್ಲ. ತಾಯಿಯಿಲ್ಲದ ತಂಗಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು. ಅವರು ಒಂದು ಹೇಳಿದರೆ ಸುಗುಣಾ ಎರಡು ಎನ್ನುವವಳಲ್ಲ.

“ಈ ವಯಸ್ಸಲ್ಲಿ ಸೇವೆ ಮಾಡಿದ್ದು ಸಾಕು ಮಾರಾಯ್ತಿ. ನಾನೇ ಬಂದು ನೋಡ್ತೀನಿ. ಸರಿ ಕಾಣ್ಲಿಲ್ಲ ಅಂದ್ರೆ ಕರ್ಕೊಂಡೇ ಬರೋದು.”

ಹೇಳಿದಂತೆ ಮೇ ತಿಂಗಳಲ್ಲಿ ಬಂದೇಬಿಟ್ಟರು. ಜೊತೆಗೆ ತೀರ್ಥಹಳ್ಳಿಯಲ್ಲಿ ಟೀಚರಾಗಿರುವ ಮಗಳು ಸುಮನಾ. ನಮ್ಮ ಕಡೆ ಸೆಕೆಯಾದರೆ ಅಲ್ಲಿ ಆಗ ಚಳಿಗಾಲದ ಆರಂಭ. ಕರುಣಕ್ಕ ಎರಡು ಸ್ವೆಟರಿನ ಮೇಲೆ ಶಾಲು ಹೊದ್ದು ಮನೆಯನ್ನೆಲ್ಲ ತಪಾಸಣೆ ಮಾಡಿದರು.

“ಸ್ನಾನಕ್ಕೆ ಎಂತ ಮಾಡ್ತೀರಿ?”

ಸುಗುಣಾಳಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. “ಕೆಟ್ಲಲ್ಲಿ ಕಾಯಿಸ್ಕೊಂಡು ಅರ್ಧ ಬಕೆಟ್ ಅಕ್ಕ.”

“ಹಂಡೆ ನೀರಲ್ಲಿ ಬೆಳೆದವಳು ಟೀ ಕಾಸೋ ಪಾತ್ರೇಲಿ ಸ್ನಾನ ಮಾಡ್ತಿದ್ದೀಯಾ?” ಕರುಣಕ್ಕ ಕಿಟಕಿಯಿಂದ ಹೊರಗೆ ನೋಡಿದರು. ಗುಡ್ಡಕ್ಕೊಂದು ಮನೆ. “ಮತ್ತೆ ಒಂದಿನ ಎದೆನೋವು ಗಿದೆನೋವು ಅಂತ ಬಂದ್ರೆ ಯಾರನ್ನ ಕರೀತೀರಿ? ಕೂಗಿದ್ರೆ ಕೇಳಿಸ್ಕೊಳ್ಳೋಕೆ ಒಂದು ನರಪಿಳ್ಳೆ ಇದ್ಯಾ ಇಲ್ಲಿ?”

ಸಂಜೆ ಅಡುಗೆಮನೆಯಲ್ಲಿ ಸುಗುಣಾ ಚಪಾತಿ ಲಟ್ಟಿಸುತ್ತ ಮೂಗೊರೆಸಿಕೊಂಡಳು. “ಅಕ್ಕ ಬಾ ಅಂದ್ರೆ ನಂಗೆ ಆಗಲ್ಲ ಅನ್ನೋಕೆ ಬಾಯಿ ಬರಲ್ಲ ರೀ. ಕ್ಲಿನಿಕ್ ಬಿಟ್ಟು ಹೋಗೋಕೂ ಮನಸ್ಸಿಲ್ಲ.”

ಈ ಹೆಂಗಸು ನನ್ನ ಹತ್ತಿರ ಒಂದು ಸೀರೆಗೂ ಹಟ ಮಾಡಿದವಳಲ್ಲ. ಆ ಕ್ಷಣವೇ ತೀರ್ಮಾನಿಸಿದೆ.

“ನಾಳೆ ನಿಮ್ಮಕ್ಕನಿಗೆ ಹೊಸನಗರದ ಸ್ನಾನ. ಹಂಡೆ ತುಂಬ ಹಬೆಯಾಡೋ ನೀರು. ಮೈ ಕೆಂಪಾದ್ಮೇಲೆ ಯಾರು ಊರಿಗೆ ಬಾ ಅಂತಾರೆ?”

“ಹಂಡೆ ಎಲ್ಲಿದೆ?”

“ಡ್ರಮ್ ಇದೆ.”

“ಒಲೆ?”

“ಕಲ್ಲಿದೆ, ಮಣ್ಣಿದೆ.”

“ನೀವು ಜನ್ಮದಲ್ಲಿ ಒಂದು ಸಲನಾದ್ರೂ ಬಚ್ಚಲೊಲೆ ಹಚ್ಚಿದ್ದೀರಾ?”

ಈ ಪ್ರಶ್ನೆ ನನ್ನ ಘನತೆಗೆ ತಕ್ಕದ್ದಲ್ಲವಾದ್ದರಿಂದ ಡ್ರಮ್ ಹುಡುಕಲು ಹೊರಟೆ.

ಬೆಳಗಾಗುತ್ತಲೇ ಕಾರ್ಯಾಚರಣೆ ಶುರು. ಮನೆಯ ಹಿಂದಿನ ತಗಡಿನ ಬಚ್ಚಲಲ್ಲಿ ಕಲ್ಲು ಜೋಡಿಸಿ, ಮಣ್ಣು ಮೆತ್ತಿ, ಮೇಲೆ ಡ್ರಮ್ ಕೂರಿಸಿದೆ. ಮೊದಲು ಅದರಲ್ಲಿ ಟ್ರ್ಯಾಕ್ಟರಿನ ಎಣ್ಣೆ ಇತ್ತು. ಒಳಗಡೆ ಸೋಪು ಹಾಕಿ ಮೂರು ಸಲ ತೊಳೆದೆ. ಹೊರಗಡೆ ಯಾರು ಸ್ನಾನ ಮಾಡುತ್ತಾರೆ ಎಂದು ಬಿಟ್ಟೆ. ಮನೆಯಲ್ಲಿದ್ದ ನೀರನ್ನೆಲ್ಲ ಅದಕ್ಕೇ ಸುರಿದೆ. ಆ ವಾರ ಪಂಪು ಕೆಟ್ಟಿತ್ತು, ಊರ ಹೆಂಗಸರೆಲ್ಲ ಕಣಿವೆಯ ಊಟೆಯಿಂದ ತಲೆಯ ಮೇಲೆ ನೀರು ಹೊರುತ್ತಿದ್ದರು. ಪಂಪಿನ ಉಸ್ತುವಾರಿ ಯಾರದು ಎಂದು ದಯವಿಟ್ಟು ಕೇಳಬೇಡಿ.

ಕರುಣಕ್ಕ ತಲೆಗೆ ಎಣ್ಣೆ ಒತ್ತಿಕೊಂಡು, ಹಳೆ ಸೀರೆ ಸುತ್ತಿಕೊಂಡು, ನೀರು ಕಾಯುವ ಮೊದಲೇ ಬಚ್ಚಲ ಮಣೆಯ ಮೇಲೆ ಕೂತರು. ಮುಖದಲ್ಲಿ ಮೊದಲ ಸಲ ಸ್ವಲ್ಪ ನಗು. “ಪರ್ವಾಗಿಲ್ಲ ಜಯಾನಂದ, ನಿಮಗೂ ಏನೋ ಬರುತ್ತೆ.”

ಆ ಮಾತಿನ ಹುರುಪಿನಲ್ಲಿ ಹೊರಗಿನಿಂದ ಒಲೆಯ ಬಾಯಿಗೆ ಪೀಚ್ ಮರದ ಹಸಿ ಕೊಂಬೆಗಳನ್ನು ತುರುಕಿ, ಸೀಮೆಎಣ್ಣೆ ಹೊಯ್ದು, ಕಡ್ಡಿ ಗೀರಿದೆ. ಚಳಿ ಹೊಗದಿರಲೆಂದು ಬಚ್ಚಲ ಕಿಟಕಿಗೆ ಗೋಣಿಚೀಲವನ್ನೂ ತುರುಕಿದ್ದೆ. ನೀರಿಗೆ ದಾರಿ ಬಿಡುವುದರಲ್ಲೇ ಜೀವಮಾನ ಕಳೆದವನು ಹೊಗೆಗೆ ದಾರಿ ಬಿಡುವುದನ್ನು ಮರೆತೆ.

ಡ್ರಮ್ಮಿನ ಹೊರಮೈಯ ಎಣ್ಣೆ ಹತ್ತಿಕೊಂಡಿತು. ಕಪ್ಪು ಹೊಗೆ ತಗಡಿನ ಸಂದುಗಳಿಂದ ನುಗ್ಗಿ ಬಾನಿಗೆ ಎದ್ದಿತು. ಒಳಗಿನಿಂದ ಕರುಣಕ್ಕ ಕೆಮ್ಮುವುದು ಕೇಳಿಸಿತು. “ಸುಗುಣಾ, ಬಾಗ್ಲು ತೆಗಿಯೇ, ಉಸಿರು ಕಟ್ತಿದೆ!” ಬಾಗಿಲಿನ ಚಿಲಕ ಒಳಗಿತ್ತು, ಹೊಗೆಯಲ್ಲಿ ಅವರಿಗೆ ಅದು ಸಿಗುತ್ತಿರಲಿಲ್ಲ. ಹೊರಗಿನಿಂದ ಬಾಗಿಲು ದೂಡಿದೆ, ಅಲುಗಲಿಲ್ಲ. ಬೆಂಕಿಗೆ ಸುರಿಯೋಣವೆಂದರೆ ಮನೆಯ ಕಟ್ಟಕಡೆಯ ಹನಿಯೂ ಆ ಬೆಂಕಿಯ ಮೇಲೆಯೇ ಕೂತು ಕಾಯುತ್ತಿತ್ತು.

ಅಷ್ಟರಲ್ಲಿ ಚರ್ಚಿನ ಮುಂದೆ ಗಂಟೆಯ ಬದಲು ನೇತುಹಾಕಿದ್ದ ಕಬ್ಬಿಣದ ತುಂಡು ಢಣಢಣ ಎಂದಿತು. ಪಾಸ್ಟರ್ ಥಾಬೋ ಹೊಗೆ ಕಂಡು ಬಡಿಯುತ್ತಿದ್ದರು. ಒಂದೊಂದು ಗುಡ್ಡದಿಂದಲೂ ಜನ ಇಳಿದರು. ಕಂಬಳಿ ಹೊದ್ದ ಮುದುಕರು, ತಲೆಯ ಮೇಲೆ ಬಕೆಟ್ ಹೊತ್ತು ಓಡಿಬರುವ ಹೆಂಗಸರು. ಅವರವರ ಮನೆಯಲ್ಲಿ ದಿನದ ಖರ್ಚಿಗೆಂದು ಹೊತ್ತು ತಂದಿಟ್ಟಿದ್ದ ನೀರು. ಥಾಬೋ ಒಂದೇ ಒದೆತಕ್ಕೆ ಬಾಗಿಲು ಮುರಿದರು. ಮರುಗಳಿಗೆಯಲ್ಲಿ ಊರಿನ ಅಷ್ಟೂ ಬಕೆಟ್ಟುಗಳು ಬಚ್ಚಲಿನೊಳಕ್ಕೆ ಬರಿದಾದವು. ಒಲೆ ಕರಗಿತು, ಬೆಂಕಿ ಆರಿತು, ಹಿಮದಂಥ ನೀರಿನಲ್ಲಿ ನಡುಗುತ್ತ, ಮಸಿ ಬಳಿದುಕೊಂಡು ಕರುಣಕ್ಕ ಹೊರಬಂದರು.

ನನ್ನನ್ನು ನೋಡಿದರು. ಮುಖ ತಿರುಗಿಸಿಕೊಂಡರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಸುಗುಣಾ ಅಕ್ಕನನ್ನು ತಬ್ಬಿಕೊಂಡು ಅಳುತ್ತಿದ್ದಳು, ಊರಿಗೆ ಟಿಕೆಟ್ ಮಾಡಿಸುವುದೊಂದೇ ಬಾಕಿ ಎಂದು ನನಗೆ ಖಾತ್ರಿಯಾಯಿತು.

ಆದರೆ ಊರ ಹೆಂಗಸರು ಬಿಡಬೇಕಲ್ಲ. ಒಬ್ಬಳು ತನ್ನ ಕಂಬಳಿ ಬಿಚ್ಚಿ ಕರುಣಕ್ಕನಿಗೆ ಸುತ್ತಿದಳು, ಇನ್ನೊಬ್ಬಳು ಅದರ ಮೇಲೆ ಇನ್ನೊಂದು. ನಾಲ್ಕು ಜನ ಸೇರಿ ನಡೆಸಿಕೊಂಡು ಹೋದರು. ಸುಮನಾಳೂ ಹಿಂದೆ ಓಡಿದಳು. ಮಧ್ಯಾಹ್ನ ಕಳೆದ ಮೇಲೆ ಕರುಣಕ್ಕ ವಾಪಸು ಬಂದಾಗ ಮೈಮೇಲೆ ಹೂವಿನ ಫ್ರಾಕು, ತಲೆಗೆ ವಸ್ತ್ರ, ಕೆನ್ನೆ ಕೆಂಪಗೆ.

“ಮೂರು ಕಾಲಿನ ಕಬ್ಬಿಣದ ಮಡಕೇಲಿ ನೀರು ಕಾಯಿಸಿ, ಬೆನ್ನುಜ್ಜಿ, ಥೇಟ್ ನಮ್ಮಮ್ಮ ಮಾಡ್ಸಿದ ಹಾಗೆ ಸ್ನಾನ ಮಾಡ್ಸಿದ್ರು ಕಣೇ,” ಎಂದರು. ಕಣ್ಣಲ್ಲಿ ನೀರಿತ್ತು. “ಮತ್ತೆ ಊಟೆಗೆ ಹೋಗಿ ನೀರು ಹೊತ್ತು ತಂದ್ರು, ನಂಗೋಸ್ಕರ. ಒಬ್ಬರ ಹೆಸರೂ ನಂಗೆ ಗೊತ್ತಿಲ್ಲ.”

ಹೊರಡುವ ಹಿಂದಿನ ದಿನ ತೀರ್ಪು ಬಂತು. “ಸುಗುಣಾ ಇಲ್ಲೇ ಇರ್ಲಿ. ಕಬ್ಬಿಣ ಬಡಿದ್ರೆ ಬೆಟ್ಟಕ್ಕೆ ಬೆಟ್ಟವೇ ಇಳ್ದು ಬರುತ್ತೆ. ಹೊಸನಗರದಲ್ಲಿ ನಾನು ಬಿದ್ರೆ ಪಕ್ಕದ ಮನೆಯೋರಿಗೆ ಗೊತ್ತಾಗೋಕೆ ಭಾನುವಾರ ಆಗ್ಬೇಕು.”

ನಾನು ಉಬ್ಬಿಹೋದೆ. “ಅಂದ್ರೆ ನನ್ನ ಸ್ನಾನದ ಯೋಜನೆ ಫಲಿಸ್ತು ಅಂತಾಯ್ತು. ನಾವಿಬ್ರೂ ಇಲ್ಲೇ...”

“ಇಬ್ರೂ ಅಂತ ಯಾರು ಹೇಳಿದ್ರು? ನಿಮ್ಮ ವರ್ಷದ ರಜೆ ಬಾಕಿ ಇದ್ಯಲ್ಲ, ನೀವು ನನ್ ಜೊತೆ ಹೊರಡಿ. ಒಲೆ ಹಚ್ಚೋದು ಕಲಿಸಿ ಕಳಿಸ್ತೀನಿ.”

ಹಾಗಾಗಿ ಇದನ್ನು ಹೊಸನಗರದಲ್ಲಿ, ಕರುಣಕ್ಕನ ಬಚ್ಚಲೊಲೆಯ ಮುಂದೆ ಕೂತು ಬರೆಯುತ್ತಿದ್ದೇನೆ. ದಿನಾ ಬೆಳಗ್ಗೆ ಬೆಂಕಿ ಹಾಕುವುದು ನನ್ನ ಪಾಲು. ನಿನ್ನೆ ಮೊದಲ ಬಾರಿಗೆ ಹೊಗೆಯಿಲ್ಲದೆ ಹತ್ತಿತು. ಕೂಡಲೇ ಸುಗುಣಾಳಿಗೆ ಫೋನು ಮಾಡಿ ಹೇಳಿದೆ. ಖುಷಿಪಟ್ಟಳು.

“ಊರವರು ದಿನಾ ನಿಮ್ಮನ್ನ ಕೇಳ್ತಾರೆ ರೀ,” ಎಂದಳು.

ಫೋನನ್ನು ಕಿವಿಗೆ ಒತ್ತಿಕೊಂಡೆ. “ಹೌದಾ? ಏನಂತ?”

“ಬರೋ ದಿನ ಮೊದ್ಲೇ ತಿಳಿಸ್ಬೇಕಂತೆ. ಬಕೆಟ್ ತುಂಬಿಟ್ಕೋತಾರಂತೆ.”