ಚೆಂಡಿಗೆ ಕೊಟ್ಟ ಕೊಸರು

ರಜೆ ಎಂಬ ಶಬ್ದವನ್ನು ಹುಟ್ಟಿಸಿದವನಿಗೆ ಮೊಮ್ಮಗಳು ಇರಲಿಲ್ಲ ಎಂದು ಕಾಣುತ್ತದೆ. ಇದ್ದಿದ್ದರೆ ಆ ಶಬ್ದದ ತಂಟೆಗೇ ಹೋಗುತ್ತಿರಲಿಲ್ಲ. ನಾನು ಕಲಿತದ್ದು ನಾಲ್ಕನೇ ಇಯತ್ತೆ, ವಯಸ್ಸು ಎಪ್ಪತ್ತರ ಮೇಲೆ. ಇದನ್ನು ಕುಳಿತು ಬರೆಯುತ್ತಿರುವುದು ವಿದ್ಯೆ ಉಕ್ಕಿ ಬಂದದ್ದಕ್ಕಲ್ಲ, ಎದ್ದು ಓಡಾಡಲು ಮೊಣಕಾಲು ಒಪ್ಪದ್ದಕ್ಕೆ. ನನ್ನ ಮಗಳ ಮಗಳು ಶೈಲಾ ಪುಣೆ ಕಡೆಯ ಒಂದು ಬೇಸ್‌ಬಾಲ್ ತಂಡದಲ್ಲಿ ಪಿಚರ್. ಅಂದರೆ ಚೆಂಡು ಎಸೆಯುವವಳು. ಎದುರಿಗೆ ಒಬ್ಬರು ಬಡಿಗೆ ಹಿಡಿದು ನಿಂತಿರುತ್ತಾರೆ, ಅವರ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕುಳಿತು ಚೆಂಡು ಹಿಡಿಯುವವರು ಕ್ಯಾಚರ್. ಅವಳದು ದೊಡ್ಡ ತಂಡವಲ್ಲ, ಅದರ ಕೆಳಗಿನದು. ಅಲ್ಲಿಂದ ಮೇಲೆ ಹತ್ತಬೇಕು, ಇಲ್ಲವೇ ಗಂಟು ಕಟ್ಟಿಕೊಂಡು ಮನೆಗೆ ಬರಬೇಕು. ವರ್ಷದಲ್ಲಿ ಎಂಟು ತಿಂಗಳು ಆಟ, ನಾಲ್ಕು ತಿಂಗಳು ಬಿಡುವು. ಆ ಬಿಡುವಿಗೆಂದು ಅವಳು ಮಮದಾಪುರದಲ್ಲಿ ಬಸ್ಸು ಇಳಿದ ದಿನ, ಸಿಕ್ಕಸಿಕ್ಕವರ ಕೈಗೆಲ್ಲ ಕರದಂಟು ಇಟ್ಟು, 'ನಮ್ಮ ಹುಡುಗಿ ದಣಿವು ಆರಿಸಿಕೊಳ್ಳಲು ಬಂದಿದೆ' ಎಂದು ಊರೆಲ್ಲ ಸಾರಿ ಬಂದೆ.

ಮರುದಿನ ಬೆಳಿಗ್ಗೆಯೇ ಅವಳು ದನದ ಕೊಟ್ಟಿಗೆಯ ಕಂಬಕ್ಕೆ ಒಂದು ರಬ್ಬರ್ ಪಟ್ಟಿ ಕಟ್ಟಿ ಜಗ್ಗತೊಡಗಿದಳು. ಕಂಬ ಅಲುಗಾಡಿತು, ಎಮ್ಮೆ ಹೆದರಿ ಹಾಲು ಏರಿಸಿಕೊಂಡಿತು. ಆಮೇಲೆ ಕಾಲುವೆಯ ದಂಡೆಯ ಮೇಲೆ ಹೋಗುತ್ತ ಬರುತ್ತ ಓಟ. ನನ್ನ ಹೆಂಡತಿ ಗಂಗವ್ವ ಖಾಲಿ ಚರಿಗೆ ಹಿಡಿದು ನಿಂತಿದ್ದಳು. "ಇದು ಎಂಥಾ ಸೂಟಿ ಐತವ್ವಾ? ಚಾಕ್ಕ ಹಾಲಿಲ್ಲ, ಕುಂತ ಮಾತಾಡಾಕ ಮೊಮ್ಮಗಳಿಲ್ಲ!" ಹುಡುಗಿ ಬೆವರು ಒರೆಸಿಕೊಂಡು ನನ್ನ ಬಾಜೂಕೆ ಕುಳಿತು ನಿಜಸಂಗತಿ ಹೇಳಿದಳು. ಈ ಸಲ ದೊಡ್ಡ ತಂಡದಲ್ಲಿ ಪಿಚರ್ ಜಾಗ ಇರುವುದು ಎರಡು, ಕಾಯುತ್ತಿರುವವರು ಮೂವರು. ಬಿಡುವು ಮುಗಿದ ಕೂಡಲೇ ಪರೀಕ್ಷೆ. "ಹೆಗಲ ಸಂಭಾಳಸ್ಬೇಕ ಅಜ್ಜಾ. ದಿನಾ ನಲವತ್ತ ಎಸೀಬೇಕು, ಒಂದೂ ಹೆಚ್ಚಿಗಿ ಎಸೀಬಾರ್ದು ಅಂದಾರ ನಮ್ಮ ಕೋಚ್ ಮೇಡಮ್. ಹಿಡ್ಯಾಕ ಒಬ್ಬಾವ್ರು ಬೇಕು. ನೀ ಕುಂದ್ರತೀ ಏನ?"

ಮೊಮ್ಮಗಳು ಹೀಗೆ ಕೇಳಿದರೆ ಯಾವ ಅಜ್ಜ ಇಲ್ಲ ಎಂದಾನು? ಹಿತ್ತಲ ಕಣದಲ್ಲಿ ಚರ್ಮದ ದಪ್ಪ ಕೈಗವಸು ತೊಟ್ಟು ಕುಕ್ಕರಗಾಲಲ್ಲಿ ಕುಳಿತೆ. ಮೊದಲ ಚೆಂಡಿಗೆ ಮೊಣಕೈವರೆಗೆ ಜೋಮು ಹಿಡಿಯಿತು, ಹತ್ತನೆಯದಕ್ಕೆ ಕಾಲು ಇದೆಯೋ ಇಲ್ಲವೋ ತಿಳಿಯದಾಯಿತು. ಪಕ್ಕದ ಮನೆಯ ಬಸಪ್ಪ ಗೋಡೆಯ ಮೇಲಿಂದ ಇಣುಕಿ, "ಏನ್ ಕಾಕಾ, ಯಾವ ಊರ ಟೀಮಿಗೆ ಹೊಂಟೀರಿ? ನಮಗೂ ಒಂದ್ ಮಾತ ಹೇಳ್ರಿ!" ಎಂದ. ಮೈಯೆಲ್ಲ ನುಜ್ಜುಗುಜ್ಜಾಗಿತ್ತು, ಆದರೂ ಜಂಬಕ್ಕೇನೂ ಕಡಿಮೆ ಇರಲಿಲ್ಲ. ದಿನವೂ ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಕುಳಿತು, ಇವಳು ಎಸೆದ ಚೆಂಡು ಹಿಡಿಯುವ ಕೈ ಇದು ಎಂದು ಅದನ್ನೇ ನೋಡಿಕೊಳ್ಳುತ್ತಿದ್ದೆ.

ಎಣಿಸುವ ಕೆಲಸವೂ ನನ್ನದೇ. ಅದರಲ್ಲಿ ನನ್ನನ್ನು ಮೀರಿಸುವವರು ಈ ಸೀಮೆಯಲ್ಲಿ ಇಲ್ಲ ಎಂದು ನಂಬಿದ್ದೆ. ಹರೆಯದಲ್ಲಿ ಕೌಜಲಗಿಯಿಂದ ಮೂಡಲಗಿಯವರೆಗೆ ಕಣಕಣಕ್ಕೆ ಹೋಗಿ ಜೋಳದ ರಾಶಿ ಅಳೆದವನು ನಾನು. ರಾಶಿ ಅಳೆಯುವಾಗ ಒಂದು ಎನ್ನುವುದಿಲ್ಲ, ಲಾಭ ಎಂದು ಶುರು ಮಾಡುತ್ತೇವೆ. ಹತ್ತು ಅಳತೆ ಮುಗಿದ ಮೇಲೆ ಒಂದು ಬೊಗಸೆ ಕೊಸರು ಹಾಕಬೇಕು. ಅದನ್ನು ಬಾಯಿಬಿಟ್ಟು ಎಣಿಸುವುದಿಲ್ಲ, ಸುಮ್ಮನೆ ಸುರಿಯುವುದು. ಕೊಸರಿಲ್ಲದೆ ಅಳೆದರೆ ಕೈ ಬಿಗಿಯವನು ಎಂದು ಜನ ಹೆಸರಿಡುತ್ತಾರೆ. ಸರಿ, ಕಣ ಅದೇ, ಕೈ ಅದೇ. "ಲಾಭಾ, ಎರಡಾ, ಮೂರಾ" ಎಂದು ಹತ್ತಕ್ಕೆ ಬಂದವನು ಹನ್ನೊಂದನೆಯ ಚೆಂಡನ್ನು ಬಾಯಿ ಮುಚ್ಚಿಕೊಂಡು ಹಿಡಿದು, ಮತ್ತೆ "ಲಾಭಾ" ಎನ್ನುತ್ತಿದ್ದೆ. ಹುಡುಗಿಯ ಲಕ್ಷ್ಯವೆಲ್ಲ ನನ್ನ ಕೈಗವಸಿನ ಮೇಲೆ. ಅಜ್ಜನ ಲೆಕ್ಕ ತಪ್ಪೀತು ಎಂದು ಅವಳ ಕನಸಿಗೂ ಬಂದಿರಲಿಲ್ಲ. ನನ್ನ ಕನಸಿಗೂ ಬಂದಿರಲಿಲ್ಲ.

ಮೂರನೇ ವಾರದಲ್ಲಿ ಅವಳ ಹೆಗಲು ನೋಯತೊಡಗಿತು. ತಲೆ ಬಾಚಲು ಕೈ ಮೇಲೆತ್ತಿದವಳು ಹಲ್ಲು ಕಚ್ಚಿದ್ದನ್ನು ಗಂಗವ್ವ ನೋಡಿದಳು. ಕಣದ ಆಟವನ್ನು ಮೊಬೈಲಿನಲ್ಲಿ ಹಿಡಿದು ಕೋಚ್ ಮೇಡಮ್ಮಿಗೆ ಕಳಿಸಿದೆವು. ಅವರು ಹುಬ್ಬಳ್ಳಿ ಕಡೆಯ ಹೆಣ್ಣುಮಗಳು, ಫೋನು ಮಾಡಿದರು.

"ಎಷ್ಟ ಎಸದೀಯವಾ?"

"ನಲವತ್ತ್ರಿ ಮೇಡಮ್."

"ನಾ ಎರಡ ಸಲ ಎಣಿಸೇನಿ. ನಲವತ್ನಾಕ ಅದಾವು. ಆ ಕುಂತ ಹಿರ್ಯಾರು ಹತ್ತಕ್ಕೊಮ್ಮಿ ಯಾಕ್ ಬಾಯಿ ಮುಚ್ಚತಾರ?"

ಹುಡುಗಿ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. "ಅದು... ಕೊಸರ್ರಿ," ಎಂದೆ. ಗಂಗವ್ವ ಹಣೆ ಬಡಿದುಕೊಂಡಳು. "ಊರ ಮಂದಿ ಜ್ವಾಳದಾಗ ಧಾರಾಳ ಮಾಡಿದ್ದು ಸಾಲ್ಲಿಲ್ಲಂತ ಕೂಸಿನ ಹೆಗಲದಾಗೂ ಮಾಡಿದ್ರಿ!"

ಹುಕ್ಕೇರಿಯ ಎಲುಬಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ನರ ಹರಿದಿಲ್ಲ, ಹನ್ನೆರಡು ದಿನ ಚೆಂಡು ಮುಟ್ಟಬಾರದು, ಆಮೇಲೂ ನೋವು ಬಂದರೆ ಈ ವರ್ಷದ ಆಟದ ಆಸೆ ಬಿಡಬೇಕು ಎಂದರು ಅವರು. ಬಸ್ಸಿನಲ್ಲಿ ಅವಳು ನನ್ನ ತೋಳಿಗೆ ಒರಗಿ ನಿದ್ದೆ ಹೋದಳು. ಗೋಕಾಕದ ತನಕ ನಾನು ತೋಳು ಅಲುಗಿಸಲಿಲ್ಲ. ಇಳಿಯುವಾಗ, "ಬ್ಯಾರೆ ಯಾರನ್ನರ ಕುಂದ್ರಸ್ಕೋ ತಂಗಿ, ನಾ ಒಲ್ಲೆ," ಎಂದೆ.

"ಬ್ಯಾರೆ ಯಾರ ಕುಂದ್ರತಾರ? ಹಿಡ್ಯೋದು ನೀನ ಹಿಡಿ. ಎಣಿಸೋದಷ್ಟ ಬಿಡು," ಎಂದಳು.

ಹನ್ನೆರಡು ದಿನ ಕಳೆದು ಹದಿಮೂರನೆಯ ದಿನ ಅವಳು ಎಸೆದ ಮೊದಲ ಚೆಂಡು ಕೈಗವಸಿಗೆ ಬೀಳುವಾಗ ನಾನು ನೋಡಿದ್ದು ಚೆಂಡನ್ನಲ್ಲ, ಅವಳ ಮುಖವನ್ನು. ಹಲ್ಲು ಕಚ್ಚಲಿಲ್ಲ. ಅಲ್ಲಿಂದ ಎಣಿಕೆ ಅವಳದು, ಮೌನ ನನ್ನದು. ಕುಕ್ಕರಗಾಲಲ್ಲಿ ಕೂರುವುದಕ್ಕಿಂತ ಬಾಯಿ ಮುಚ್ಚಿ ಕೂರುವುದೇ ಹೆಚ್ಚು ದಣಿಸಿತು.

ಹೋದ ವಾರ ಪುಣೆಯಿಂದ ಫೋನು ಬಂತು. "ಅಜ್ಜಾ, ತಗೊಂಡ್ರು! ಹೆಗಲ ಚಲೋ ಐತಿ!" ಎಂದಳು. ಮುಂದೆ ಏನು ಹೇಳಿದಳೋ ನನಗೆ ಕೇಳಲಿಲ್ಲ, ನಾನೇ ಕೂಗುತ್ತಿದ್ದೆ. ಬಸಪ್ಪನನ್ನು ಕಣಕ್ಕೆ ಎಳೆದುಕೊಂಡು ಹೋಗಿ, ಅವಳು ಹೇಗೆ ಎಸೆಯುತ್ತಾಳೆ, ನಾನು ಹೇಗೆ ಹಿಡಿಯುತ್ತಿದ್ದೆ ಎಂದು ತೋರಿಸಲು ಕುಕ್ಕರಗಾಲಲ್ಲಿ ಕುಳಿತೆ. ಕುಳಿತದ್ದು ಸರಿ, ಏಳಲು ಆಗಲಿಲ್ಲ. ಬಸಪ್ಪ ಒಂದು ರಟ್ಟೆ, ಗಂಗವ್ವ ಒಂದು ರಟ್ಟೆ ಹಿಡಿದು ಎತ್ತಿದರು. ಅರ್ಧಕ್ಕೆ ಬಂದಾಗ ಬಸಪ್ಪ ಏದುಸಿರು ಬಿಡುತ್ತ, "ಹುಡುಗಿ ಊರಾಗಿಲ್ಲ, ಮತ್ಯಾಕ್ ಕುಂತ್ರಿ ಕಾಕಾ?" ಎಂದ.

"ಅಕೀ ಬರಾಕ ಇನ್ನ ಎಂಟ ತಿಂಗಳ ಐತೋ ಮಾರಾಯಾ," ಎಂದೆ, "ಅಲ್ಲೀತನಕಾ ನನ್ನ ರೂಢಿ ತಪ್ಪಬಾರ್ದಲ್ಲ?"

ಇಬ್ಬರೂ ಒಮ್ಮೆಲೇ ಕೈ ಬಿಟ್ಟರು.