ಲೋಕಲ್ ಗಂಡನಿಗೆ ರೂಮಿಲ್ಲ

ಇಪ್ಪತ್ತೆರಡು ವರ್ಷ ಹಸಿರು ಇಂಕಿನ ಪೆನ್ನು ಹಿಡಿದು ಊರವರ ಗುರುತನ್ನೆಲ್ಲ ದೃಢೀಕರಿಸಿ ಕೊಟ್ಟ ಗೆಜೆಟೆಡ್ ಅಧಿಕಾರಿ, ಕೆಂಗೇರಿಯ ಒಂದು ಲಾಡ್ಜಿನ ಕೌಂಟರಿನ ಮುಂದೆ ನಿಂತು, ಪಕ್ಕದಲ್ಲಿರುವ ಹೆಂಗಸು ತನ್ನ ಹೆಂಡತಿಯೇ ಹೌದು ಅಂತ ಸಾಬೀತು ಮಾಡಲಾಗದೆ ಬೆವರಬೇಕಾಯಿತು ಅಂದರೆ ಈ ದೇಶ ಎಲ್ಲಿಗೆ ಬಂತು, ನೀವೇ ಹೇಳಿ. ರೇವಣಸಿದ್ದಯ್ಯನವರು ಇವತ್ತಿಗೂ ಇದನ್ನೇ ಕೇಳುತ್ತಾರೆ. ಬಸವೇಶ್ವರನಗರದ ಪಾರ್ಕಿನಲ್ಲಿ ವಾಕಿಂಗ್ ಮಾಡುವವರು ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿ, ಈಗ ಅವರನ್ನು ಕಂಡರೆ ಉಲ್ಟಾ ರೌಂಡು ಹಾಕುತ್ತಾರೆ. ಆದರೆ ಹೇಳುವಾಗ ಅವರು ಕಥೆಯ ಮೊದಲ ಭಾಗವನ್ನು ನುಂಗಿಬಿಡುತ್ತಾರೆ. ಅದನ್ನು ಬಿಟ್ಟರೆ ಮಜವೇ ಇಲ್ಲ, ಆದ್ದರಿಂದ ಅಲ್ಲಿಂದಲೇ ಶುರು ಮಾಡೋಣ.

ಗದಗಿನಿಂದ ಫಕೀರೇಶ ಫೋನ್ ಮಾಡಿದ್ದ. ಫಕೀರೇಶ ಅಂದರೆ ರೇವಣಸಿದ್ದಯ್ಯನವರ ಧರ್ಮಪತ್ನಿ ಜಗದಾಂಬಾ ಅವರ ಒಬ್ಬನೇ ತಮ್ಮ. ಕಿರಾಣಿ ವ್ಯಾಪಾರ, ಗಟ್ಟಿ ಗಂಟಲು, ಅದಕ್ಕಿಂತ ಗಟ್ಟಿ ಪ್ರೀತಿ.

"ಮಾಮಾರ, ಶನಿವಾರ ಐತವಾರ ನಿಮ್ಮಲ್ಲೇ ಠಿಕಾಣಿ ನೋಡ್ರಿ. ನಾನು, ಯಶೋದಾ, ಮತ್ತ ನಮ್ಮ ಕಾಕಾನ ಮಕ್ಕಳು ಮೂವರು. ನಮ್ಮ ಪೈಕಿ ಒಂದು ಲಗ್ನ ಐತ್ರಿ, ಬೆಂಗಳೂರಾಗ ಎಲ್ಲಿ ಅಂದ್ರ..."

ಎಲ್ಲಿ ಅನ್ನುವುದನ್ನು ರೇವಣಸಿದ್ದಯ್ಯನವರು ಕೇಳಿಸಿಕೊಳ್ಳಲೇ ಇಲ್ಲ. 'ನಿಮ್ಮಲ್ಲೇ' ಅನ್ನುವಲ್ಲೇ ಅವರ ಕಿವಿ ಮುಚ್ಚಿಹೋಗಿತ್ತು. ಹೋದ ಸಲ ಈ ಪಟಾಲಮ್ಮು ಬಂದಿದ್ದಾಗ ಮೂರು ದಿನ ಅವರ ಬೆತ್ತದ ಕುರ್ಚಿ ಫಕೀರೇಶನ ಪಾಲಾಗಿತ್ತು, ಪೇಪರು ಹಾಳೆ ಹಾಳೆಯಾಗಿ ಐದು ಕಡೆ ಹಂಚಿಹೋಗಿತ್ತು, ಬಾತ್‌ರೂಮಿನ ಮುಂದೆ ಟವಲ್ ಹೊತ್ತವರ ಸಾಲು. ಬೆಳಿಗ್ಗೆ ಐದೂವರೆಗೆ ಮುಗಿಯಬೇಕಾದ ಅವರ ಲಿಂಗಪೂಜೆ ಒಂಬತ್ತೂಕಾಲಿಗೆ ಹೋಯಿತು. ಪೂಜೆ ಆಗದೆ ಕಾಫಿ ಇಲ್ಲ, ಕಾಫಿ ಆಗದೆ ಮನುಷ್ಯ ಮನುಷ್ಯನಲ್ಲ.

"ಅಯ್ಯೋ ಫಕೀರೇಶ, ಎಂಥಾ ಕೆಲಸ ಆಯ್ತಪ್ಪಾ! ಆ ಎರಡು ದಿನ ನಾವು ಶ್ರೀಶೈಲಕ್ಕೆ ಹೊರಟಿದೀವಲ್ಲ."

"ಹೌದಾ? ತಡೀರಿ, ಅಕ್ಕಗ ಫೋನ್ ಹಚ್ಚತೀನಿ, ಪ್ರಸಾದ ತರಾಕ ಹೇಳ್ಬೇಕು."

"ಬೇಡ ಬೇಡ!" ರೇವಣಸಿದ್ದಯ್ಯನವರು ಹೌಹಾರಿದರು. "ನಿಮ್ಮಕ್ಕ ಈಗ... ಮೌನವ್ರತದಲ್ಲಿದಾಳೆ. ಮಲ್ಲಿಕಾರ್ಜುನನ ದರ್ಶನ ಆಗೋವರೆಗೂ ಒಂದು ಮಾತಿಲ್ಲ."

ಆ ಕಡೆ ತಕ್ಕಡಿಯ ಬಟ್ಟೊಂದು ಕೆಳಗೆ ಬಿದ್ದ ಸದ್ದಾಯಿತು.

"ಅಕ್ಕ? ಮೌನ?" ಅಂದ ಫಕೀರೇಶ. ಆಮೇಲೆ ಭಕ್ತಿಯಿಂದ, "ಮಲ್ಲಯ್ಯನ ಮಹಿಮಾ ಭಾಳ ದೊಡ್ಡದು ಬಿಡ್ರಿ" ಅಂದು ಫೋನಿಟ್ಟ.

ಆ ಹೊತ್ತಿಗೆ ಮೌನವ್ರತಧಾರಿಣಿಯವರು ಅಡುಗೆಮನೆಯಲ್ಲಿ ಗ್ಯಾಸಿನವನ ಜೊತೆ ಮೂರು ಮನೆಗೆ ಕೇಳುವಂತೆ ಜಗಳವಾಡುತ್ತಿದ್ದರು.

ಈಗ ಮನೆಯಲ್ಲಿ ಇರುವ ಹಾಗಿಲ್ಲ. ಫಕೀರೇಶ ಬಾಗಿಲು ತಟ್ಟಿದರೂ ತಟ್ಟಿಯಾನು. ರೇವಣಸಿದ್ದಯ್ಯನವರು ಒಂದು ಮಹೋನ್ನತ ಯೋಜನೆ ಹಾಕಿದರು: ವೀಕೆಂಡ್ ಟ್ರಿಪ್. ಅದನ್ನು ಹೆಂಡತಿಗೆ ಹೇಗೆ ಹೇಳಿದರು ಗೊತ್ತೇ? "ಜಗದಾ, ಮೂವತ್ತೆರಡು ವರ್ಷ ನಮಗೆಲ್ಲ ಬೇಯಿಸಿ ಹಾಕಿದೀಯ. ಎರಡು ದಿನ ನಿನ್ನನ್ನ ರೆಸಾರ್ಟಿಗೆ ಕರ್ಕೊಂಡು ಹೋಗ್ತೀನಿ ಕಣೇ."

ಜಗದಾಂಬಾ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ನಂಗೆ ಬೆಟ್ಟ ಬೇಡ ರೀ, ಈಜುಕೊಳ ಬೇಡ. ಬೆಳಿಗ್ಗೆ ಎದ್ದಾಗ ಯಾರೋ ಬೇರೆಯವರು ಮಾಡಿದ ಕಾಫಿ ಮಂಚದ ಹತ್ರಕ್ಕೇ ಬರಬೇಕು. ಅಷ್ಟು ಸಾಕು. ಒಂದೇ ಒಂದು ದಿನ." ಆಮೇಲೆ ಎದುರುಮನೆ ವರಲಕ್ಷ್ಮಿಗೆ, ಹೂವಿನವಳಿಗೆ, ಇಸ್ತ್ರಿಯವನಿಗೆ, "ನಮ್ಮನೆಯವರು ನನಗೋಸ್ಕರ ಅಂತ..." ಅಂತ ಹೇಳಿಕೊಂಡು ಬಂದರು. ರೇವಣಸಿದ್ದಯ್ಯನವರಿಗೆ ಎದೆಯಲ್ಲಿ ಸಣ್ಣಗೆ ಚುಚ್ಚಿತು. ಪಾಪ, ಗ್ಯಾಸ್ಟ್ರಿಕ್ ಇರಬೇಕು ಅಂದುಕೊಂಡರು.

ರೆಸಾರ್ಟ್ ಆರಿಸುವುದಕ್ಕೆ ನಾಲ್ಕು ದಿನ ಹಿಡಿಯಿತು. ಸಂಪೂರ್ಣ ಸಸ್ಯಾಹಾರ ಇರಬೇಕು, ಬೆಳಿಗ್ಗೆ ಐದಕ್ಕೆ ಬಿಸಿನೀರು ಇರಬೇಕು, ಕಮೋಡಿನ ಬಗ್ಗೆ ಯಾರೂ ದೂರಿರಬಾರದು. ಒಬ್ಬ ಐದು ನಕ್ಷತ್ರ ಕೊಟ್ಟು 'ಸ್ವರ್ಗ' ಅಂತ ಬರೆದಿದ್ದರೆ, ಅದರ ಕೆಳಗೇ ಇನ್ನೊಬ್ಬ 'ಜಿರಲೆ' ಅಂತ ಒಂದೇ ಪದ ಬರೆದಿದ್ದ. ಕೊನೆಗೆ ರಾಮನಗರದಾಚೆ ಒಂದನ್ನು ಹಿಡಿದರು. ರೆಸಾರ್ಟಿನವರದೊಂದೇ ಷರತ್ತು: ಸಂಜೆ ಆರರೊಳಗೆ ಬರಬೇಕು, ಇಲ್ಲದಿದ್ದರೆ ರೂಮು ಬೇರೆಯವರಿಗೆ. "ಆರಾ? ನಾಲ್ಕೂವರೆಗೇ ಅಲ್ಲಿರ್ತೀವಿ ಕಣಯ್ಯಾ" ಅಂದರು ಇವರು.

ಶನಿವಾರ ಮೂರಕ್ಕೆ ಕಾರು ಹೊರಟಿತು. ಮೂರೂ ಹತ್ತಕ್ಕೆ ನಿಂತಿತು.

ಏನು ಟ್ರಾಫಿಕ್ಕು ಅಂತೀರಿ! ಇಡೀ ಬೆಂಗಳೂರಿಗೆ ಇವತ್ತೇ ಹೆಂಡತಿಯ ಮೇಲೆ ಪ್ರೀತಿ ಉಕ್ಕಿಬಂದ ಹಾಗಿತ್ತು. ಫೋನಿನೊಳಗಿನ ಮ್ಯಾಪಿನ ಹೆಂಗಸು ಬಲಕ್ಕೆ ತಿರುಗಿ ಅಂದಳು. ತಿರುಗಿದರು. ಶ್ರೀಗಂಧದ ಕಾವಲಿನಲ್ಲಿ ಗಂಧವೂ ಇಲ್ಲ, ಕಾವಲೂ ಇಲ್ಲ, ರಸ್ತೆ ಮಧ್ಯೆ ಪೈಪಿಗೆ ಅಗೆದ ಗುಂಡಿ ಮಾತ್ರ ಇತ್ತು. ಅಲ್ಲಿಂದ ಹಿಂದಕ್ಕೆ ಬಂದು ಎಡಕ್ಕೆ ಹೋದರೆ ಅನ್ನಪೂರ್ಣೇಶ್ವರಿ ನಗರ. ಅಲ್ಲಿ ಮುಕ್ಕಾಲು ಗಂಟೆ ಹಸಿದುಕೊಂಡು ಕೂತರು. (ಹೆಸರು ನೋಡಿ ಮೋಸಹೋಗಬೇಡಿ ಅನ್ನುವುದಕ್ಕೆ ಹೇಳಿದೆ.)

"ಯಾವಳೇ ಇವಳು? ಯೂ-ಟರ್ನ್ ಅಂತೆ! ಎಲ್ಲಿಂದ ಹೊಡೀಲಿ, ಇವಳ ತಲೆ ಮೇಲಿಂದ ಹೊಡೀಲಾ?"

"ಬೈಬೇಡಿ ರೀ ಅವಳನ್ನ. ನೀವು ಅವಳು ಹೇಳಿದ ಕಡೆಗೆಲ್ಲಾ ತಿರುಗ್ತಾ ಇದೀರ. ನನ್ನ ಮಾತು ಒಂದು ದಿನ ಹೀಗೆ ಕೇಳಿದೀರಾ?"

"ನೀನು ಯಾವತ್ತು ಇಷ್ಟು ಸಣ್ಣ ದನೀಲಿ ಹೇಳಿದೀಯ?"

ಬಿಡಿ, ಆ ಜಗಳ ಉಲ್ಲಾಳದವರೆಗೂ ನಡೆಯಿತು. ಐದೂವರೆಗೆ ಕೆಂಗೇರಿ ಮುಟ್ಟಿ, ಇನ್ನೇನು ಮೈಸೂರು ರಸ್ತೆ ಸಿಕ್ಕಿತು ಅನ್ನುವಾಗ ಮುಂದೆ ಬ್ಯಾಂಡು. ಒಂದು ಕಲ್ಯಾಣ ಮಂಟಪದ ಮುಂದೆ ಮದುಮಗನ ಮೆರವಣಿಗೆ! ಕುದುರೆ, ಪಟಾಕಿ, ಅರ್ಧ ರಸ್ತೆಗೆ ನಿಲ್ಲಿಸಿದ ಕಾರುಗಳು. ಕುದುರೆಯ ಮುಂದೆ ಬಿಳಿ ಧೋತರ, ಹಳದಿ ರುಮಾಲಿನ ಒಬ್ಬ ಈ ಕಡೆ ಬೆನ್ನು ಹಾಕಿ ಎರಡೂ ಕೈ ಮೇಲೆತ್ತಿ ಕುಣಿಯುತ್ತಿದ್ದ. ನಿಲ್ಲಿಸುವ ಲಕ್ಷಣವೇ ಇಲ್ಲ. ರೇವಣಸಿದ್ದಯ್ಯನವರು ಹಾರ್ನಿನ ಮೇಲೆ ಅಂಗೈ ಊರಿ ಹಾಗೇ ಇಟ್ಟರು. "ಯಾವನಯ್ಯಾ ಅವನು? ನಿಮ್ಮಪ್ಪಂದಾ ರೋಡು? ಮೈಸೂರು ರಸ್ತೇಲಿ ಮದುವೆ ಮಾಡ್ಕೋ ಅಂತ ಯಾರು ಹೇಳಿದ್ದು?" ಹಳದಿ ರುಮಾಲು ತಿರುಗಿಯೂ ನೋಡಲಿಲ್ಲ.

ಆರೂ ಐದಕ್ಕೆ ರೆಸಾರ್ಟಿನವನು ಫೋನ್ ಮಾಡಿ, ರೂಮನ್ನು ಬೇರೆಯವರಿಗೆ ಕೊಟ್ಟಾಯಿತು ಅಂದ. ಬೈಯುವುದಕ್ಕೂ ಬಿಡದೆ ಇಟ್ಟುಬಿಟ್ಟ.

"ಮನೆಗೆ ಹೋಗೋಣ್ವಾ?" ಅಂದರು ರೇವಣಸಿದ್ದಯ್ಯನವರು, ಬಹಳ ಮೆಲ್ಲಗೆ.

ಜಗದಾಂಬಾ ಮುಖ ತಿರುಗಿಸಿದರು. ಸಿಟ್ಟು ಮಿತಿ ಮೀರಿದಾಗ ಅವರ ಬಾಯಲ್ಲಿ ತವರಿನ ಮಾತು ಬರುತ್ತದೆ. ಈಗ ಬಂತು. "ಮನೀಗೆ ನಾ ಒಲ್ಲೆ. ವರಲಕ್ಷ್ಮಿಗೆ ಏನಂತ ಮಾರಿ ತೋರಸ್ಲಿ? ಲಾಡ್ಜ್ ಆದ್ರ ಲಾಡ್ಜ್. ನಾಳೆ ಮುಂಜಾನೆ ನನ್ನ ಕೈಗೆ ಇನ್ನೊಬ್ಬರು ಮಾಡಿದ ಕಾಫಿ ಬರಬೇಕು. ಬರಲಿಲ್ಲಂದ್ರ ನೋಡ್ರಿ."

ಮೊದಲ ಲಾಡ್ಜಿನ ಕೆಳಗೆ ಬಾರು. ಎರಡನೆಯದು ಮದುವೆಯವರಿಂದ ಭರ್ತಿ. ಮೂರನೆಯದರ ಬೋರ್ಡಿನಲ್ಲಿ 'ನಮ್ಮನೆ ಕಂಫರ್ಟ್ಸ್, ಶುದ್ಧ ಸಸ್ಯಾಹಾರಿ' ಅಂತಿತ್ತು. ಕೌಂಟರಿನಲ್ಲಿ ಉದಯಕುಮಾರ್ ಅನ್ನುವ ಮ್ಯಾನೇಜರು. ರೂಮಿದೆ ಅಂದ. ರೇವಣಸಿದ್ದಯ್ಯನವರ ಆಧಾರ್ ತೆಗೆದುಕೊಂಡು ವಿಳಾಸ ಓದಿದ. ಕಾರ್ಡನ್ನು ಮೆಲ್ಲಗೆ ವಾಪಸ್ ಸರಿಸಿದ.

"ಸಾರಿ ಸಾರ್. ಲೋಕಲ್ ಐಡಿಗೆ ರೂಮ್ ಕೊಡಲ್ಲ."

"ಏನು?"

"ಲೋಕಲ್ ಜೋಡಿಗೆ ಕೊಡಲ್ಲ ಸಾರ್, ನಮ್ಮ ಓನರ್ ರೂಲ್ಸು. ಬಸವೇಶ್ವರನಗರದಲ್ಲಿ ಮನೆ ಇಟ್ಕೊಂಡು ಕೆಂಗೇರೀಲಿ ರೂಮ್ ಕೇಳ್ತಾರೆ ಅಂದ್ರೆ... ನಿಮಗೇ ಗೊತ್ತಾಗುತ್ತಲ್ಲ ಸಾರ್."

ಗೊತ್ತಾಗುವುದಕ್ಕೆ ರೇವಣಸಿದ್ದಯ್ಯನವರಿಗೆ ಅರ್ಧ ನಿಮಿಷ ಹಿಡಿಯಿತು. ಗೊತ್ತಾದ ಮೇಲೆ ಕಿವಿ ಕೆಂಪಾಯಿತು. "ಏನ್ರೀ ಹೇಳ್ತಾ ಇದೀರ ನೀವು? ಅರವತ್ತೆರಡು ವಯಸ್ಸು ನನಗೆ! ಹಣೆ ನೋಡ್ರೀ, ವಿಭೂತಿ!"

"ವಿಭೂತಿ ಐಡಿ ಅಲ್ಲ ಸಾರ್. ಮೇಡಮ್ ಕಾರ್ಡ್ ಕೊಡಿ, ನೋಡೋಣ."

ಜಗದಾಂಬಾ ಅವರ ಆಧಾರ್ ಬ್ಯಾಂಕ್ ಲಾಕರಿನಲ್ಲಿ ಭದ್ರವಾಗಿತ್ತು. ಪರ್ಸಿನಲ್ಲಿದ್ದದ್ದು ಪ್ಯಾನ್ ಕಾರ್ಡು. ಪ್ಯಾನ್ ಕಾರ್ಡಿನಲ್ಲಿ ಗಂಡನ ಹೆಸರು ಇರುವುದಿಲ್ಲ, ತಂದೆಯ ಹೆಸರಿರುತ್ತದೆ.

"ಇಲ್ಲಿ ವೀರಭದ್ರಪ್ಪ ಅಂತಿದೆಯಲ್ಲ ಸಾರ್."

"ಅವರು ನಮ್ಮ ಮಾವನವರು ಕಣ್ರೀ! ತೀರಿಕೊಂಡು ಹದಿನೈದು ವರ್ಷ ಆಯ್ತು!"

"ಅದು ಬೇಜಾರಿನ ವಿಷಯ ಸಾರ್. ಆದ್ರೆ ನೀವು ಗಂಡ ಅಂತ ಎಲ್ಲೂ ಇಲ್ಲ."

"ನಾನು ಗೆಜೆಟೆಡ್ ಆಫೀಸರ್ ಆಗಿದ್ದವನು! ಪೇಪರ್ ಕೊಡಿ, ಇವಳು ನನ್ನ ಹೆಂಡತಿ ಅಂತ ಈಗಲೇ ಅಟೆಸ್ಟ್ ಮಾಡಿಕೊಡ್ತೀನಿ."

"ಸ್ವಂತದ್ದಕ್ಕೆ ಸ್ವಂತ ಸಹಿ ನಡಿಯಲ್ಲ ಸಾರ್."

ಈ ಮಾತನ್ನೇ ಅವರು ಇಪ್ಪತ್ತೆರಡು ವರ್ಷ ಸಾವಿರಾರು ಜನರಿಗೆ ಹೇಳಿ ವಾಪಸ್ ಕಳಿಸಿದ್ದರು. ತೆಗೆದಿದ್ದ ಪೆನ್ನನ್ನು ವಾಪಸ್ ಜೇಬಿಗೆ ಸಿಕ್ಕಿಸಿಕೊಂಡರು.

ಉದಯಕುಮಾರನಿಗೂ ಕನಿಕರ ಬಂದಿರಬೇಕು. "ಒಂದು ಕೆಲಸ ಮಾಡಿ ಮೇಡಮ್. ನಿಮ್ಮ ಕಡೆ ಹಿರಿಯರು ಯಾರಿಗಾದ್ರೂ ಫೋನ್ ಮಾಡಿ, ಇವರು ನಿಮ್ಮ ಯಜಮಾನರು ಅಂತ ಅವರು ಹೇಳಲಿ. ಓನರ್ ಹತ್ರ ನಾನು ಮಾತಾಡ್ತೀನಿ."

"ನನ್ನ ತಮ್ಮಗ ಹಚ್ಚತೀನಿ" ಅಂದರು ಜಗದಾಂಬಾ.

"ಬೇಡ!" ರೇವಣಸಿದ್ದಯ್ಯನವರ ಕೂಗಿಗೆ ಮೂಲೆಯಲ್ಲಿ ಕೂತಿದ್ದ ವಾಚ್‌ಮನ್ ಎದ್ದು ನಿಂತ. "ಅವನಿಗ್ಯಾಕೆ ತೊಂದರೆ? ಅಂಗಡೀಲಿರ್ತಾನೆ, ಪಾಪ..."

ಗಂಡ ಅನ್ನಿಸಿಕೊಂಡವನು ಹೀಗೆ ಹೆದರಿದ್ದು ನೋಡಿ ಉದಯಕುಮಾರ್ ಹುಬ್ಬೇರಿಸಿದ. ಅಷ್ಟರಲ್ಲಿ ಜಗದಾಂಬಾ ಡಯಲ್ ಮಾಡಿಯಾಗಿತ್ತು.

ಫೋನು ರಿಂಗಾಯಿತು. ಗದಗಿನಲ್ಲಲ್ಲ, ಅದೇ ಲಾಡ್ಜಿನ ಮೆಟ್ಟಿಲ ಮೇಲೆ. ಮೊದಲು 'ಓಂ ನಮಃ ಶಿವಾಯ' ಅನ್ನುವ ಟೋನು ಇಳಿದುಬಂತು, ಅದರ ಹಿಂದೆ ಬಿಳಿ ಧೋತರ ಬಂತು, ಕೊನೆಗೆ ಹಳದಿ ರುಮಾಲು. ಫಕೀರೇಶ ಫೋನನ್ನು ಕಿವಿಗಿಟ್ಟುಕೊಂಡು ಗಾಬರಿಯಿಂದ ಕೂಗುತ್ತಿದ್ದ:

"ಅಕ್ಕಾ! ಯಾಕ? ವ್ರತ ಮುರದ್ಯಾ? ದರ್ಶನ ಆತೇನು?"

ಅಕ್ಕ ತಮ್ಮ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಇಬ್ಬರೂ ರೇವಣಸಿದ್ದಯ್ಯನವರನ್ನು ನೋಡಿದರು. ಅವರು ಗೋಡೆಯ ಮೇಲಿನ ದರಪಟ್ಟಿಯನ್ನು ತುಂಬಾ ಗಮನವಿಟ್ಟು ಓದುತ್ತಿದ್ದರು.

"ಯಾವ ವ್ರತಾನೋ?" ಅಂದರು ಜಗದಾಂಬಾ.

"ಮೌನವ್ರತ! ಶ್ರೀಶೈಲ! ಅದಕ್ಕಲ್ಲೇನು ನಾವು ನಿಮ್ಮನೀಗೆ ಬರಲಾರದ ಇಲ್ಲಿ ಎರಡು ರೂಮ್ ಹಿಡಿದದ್ದು? ಮಾಮಾರ ಹೇಳಿದ್ರಲ್ಲ!"

ಎಲ್ಲವೂ ಎಳೆ ಎಳೆಯಾಗಿ ಹೊರಬಿತ್ತು. ರೆಸಾರ್ಟು ಯಾಕೆ ಬಂತು, ಪ್ರೀತಿ ಯಾಕೆ ಬಂತು, ಮೂವತ್ತೆರಡು ವರ್ಷದ ಅಡುಗೆ ಇದ್ದಕ್ಕಿದ್ದ ಹಾಗೆ ಯಾಕೆ ನೆನಪಾಯಿತು, ಎಲ್ಲ. ಜಗದಾಂಬಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಾ ಓಣಿ ತುಂಬಾ ಹೇಳಿಕೊಂಡು ಬಂದೆ, ನನ್ನ ಸಲುವಾಗಿ ಅಂತ" ಅಂದರು ಅಷ್ಟೇ. ಆಗ ರೇವಣಸಿದ್ದಯ್ಯನವರಿಗೆ ಎದೆಯಲ್ಲಿ ಚುಚ್ಚಿದ್ದು ಗ್ಯಾಸ್ಟ್ರಿಕ್ ಅಲ್ಲ ಅನ್ನುವುದು ಖಾತ್ರಿಯಾಯಿತು.

ಫಕೀರೇಶನೇ ಮನಸ್ಸು ಕರಗಿ, ಕೌಂಟರಿಗೆ ಬಂದು ತನ್ನ ಪ್ಯಾನ್ ಕಾರ್ಡನ್ನೂ ಇಟ್ಟ. "ಬರಕೋರಿ ಸಾಹೇಬ್ರ. ನನ್ನ ಅಕ್ಕ, ನನ್ನ ಮಾಮಾ. ಇವರಿಗೂ ಒಂದು ರೂಮ್ ಕೊಡ್ರಿ."

ಉದಯಕುಮಾರ್ ಎರಡೂ ಕಾರ್ಡುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ. ಎರಡರಲ್ಲೂ ವೀರಭದ್ರಪ್ಪ. "ಮೇಡಮ್ ನಿಮ್ಮ ಅಕ್ಕ ಅನ್ನೋದಕ್ಕೆ ದಾಖಲೆ ಇದೆ ಸಾರ್. ನಿಮ್ಮ ರೂಮಿನ ಗೆಸ್ಟ್ ಅಂತ ಸೇರಿಸ್ಕೋತೀನಿ. ಇವರು ಗಂಡ ಅನ್ನೋದಕ್ಕೆ ದಾಖಲೆ ಇಲ್ಲ. ಮೇಲಾಗಿ ಲೋಕಲ್ಲು. ಮೇಡಮ್, ನೀವೇ ಹೇಳಿ. ಇವರು ನಿಮ್ಮ ಯಜಮಾನ್ರಾ?"

ರೇವಣಸಿದ್ದಯ್ಯನವರು ಹೆಂಡತಿಯ ಕಡೆ ತಿರುಗಿ, ಜೀವಮಾನದಲ್ಲಿ ಯಾರಿಗೂ ತೋರಿಸದ ದೀನ ಮುಖ ಮಾಡಿ ನಿಂತರು.

ಜಗದಾಂಬಾ ಬಾಯಿಯ ಮೇಲೆ ಬೆರಳಿಟ್ಟುಕೊಂಡರು. ಮೌನವ್ರತ!

ಆಮೇಲಿನ ವ್ಯವಸ್ಥೆಯನ್ನೆಲ್ಲ ಅವರು ಕೈಸನ್ನೆಯಲ್ಲೇ ಮಾಡಿದರು. ಫಕೀರೇಶನ ಹೆಂಡತಿ ಯಶೋದಮ್ಮನೂ ತಾನೂ ಲಾಡ್ಜಿನಲ್ಲಿ. ಊರಿಂದ ಬಂದ ಗಂಡಸರು ಲಾಡ್ಜಿನಲ್ಲಿ ಮಲಗುವುದು ಮನೆತನಕ್ಕೆ ಶೋಭೆಯಲ್ಲ, ಆದ್ದರಿಂದ ಫಕೀರೇಶ ಮತ್ತು ಕಾಕಾನ ಮಕ್ಕಳು ಮೂವರೂ ರೇವಣಸಿದ್ದಯ್ಯನವರ ಜೊತೆ ಬಸವೇಶ್ವರನಗರಕ್ಕೆ. ಮೆರವಣಿಗೆ ಕರಗಿ ರಸ್ತೆ ಖಾಲಿಯಾಗಿತ್ತು. ಹೋಗುವಾಗ ಮೂರು ಗಂಟೆ ತಿಂದ ದಾರಿ ಬರುವಾಗ ಮೂವತ್ತು ನಿಮಿಷ. ಅದಕ್ಕೂ ರೇವಣಸಿದ್ದಯ್ಯನವರು ಸಿಟ್ಟಾದರು.

"ಸಂಜೀಕ ನಾ ಕುಣಿಯೋ ಮುಂದ ಹಿಂದ ಯಾವನೋ ಒಬ್ಬ ಹಾರ್ನ್ ಹೊಡದಿದ್ದೇ ಹೊಡದಿದ್ದು ಮಾಮಾರ" ಅಂದ ಫಕೀರೇಶ, ಸೀಟಿಗೆ ಒರಗಿ. "ಏನು ಮಂದಿ ಅದಾರ್ರೀ ನಿಮ್ಮ ಬೆಂಗಳೂರಾಗ!"

"ಹೂಂ" ಅಂದರು ರೇವಣಸಿದ್ದಯ್ಯನವರು.

ಭಾನುವಾರ ಬೆಳಿಗ್ಗೆ. ಬಾತ್‌ರೂಮಿನ ಮುಂದೆ ಟವಲುಗಳ ಸಾಲು. ರೇವಣಸಿದ್ದಯ್ಯನವರು ಸ್ನಾನವಿಲ್ಲ, ಪೂಜೆಯಿಲ್ಲ, ಕಾಫಿಯಿಲ್ಲದೆ ನಾಲ್ವರಿಗೆ ಉಪ್ಪಿಟ್ಟು ಕೆದಕುತ್ತಾ ನಿಂತಿದ್ದಾಗ ಫೋನು ಬಂತು.

"ರೀ, ಕಾಫಿ ಬಂತು. ಮಂಚದ ಹತ್ರಕ್ಕೇ ತಂದುಕೊಟ್ಟ ಕಣ್ರೀ!" ದನಿಯಲ್ಲಿ ನಿಜವಾದ ಸಂತೋಷವಿತ್ತು. ರೇವಣಸಿದ್ದಯ್ಯನವರಿಗೆ ಧೈರ್ಯ ಬಂತು.

"ಜಗದಾ, ನಾಳೆನೇ ಹೋಗಿ ನಮ್ಮ ಮದುವೆ ರಿಜಿಸ್ಟರ್ ಮಾಡಿಸಿಬಿಡೋಣ. ಒಂದು ಸರ್ಟಿಫಿಕೇಟ್ ಅಂತ ಇರಲಿ."

ಆ ಕಡೆ ಕಾಫಿ ಹೀರುವ ಸದ್ದು ನಿಧಾನವಾಗಿ ಕೇಳಿಸಿತು. "ಅವಸರ ಏನೈತಿ? ವಿಚಾರ ಮಾಡಿ ಹೇಳ್ತೀನಿ" ಅಂದು ಜಗದಾಂಬಾ ಫೋನಿಟ್ಟರು.

ನಡುಮನೆಯಲ್ಲಿ ಬೆತ್ತದ ಕುರ್ಚಿ ಕಿರ್ರೆಂದಿತು. ಪೇಪರಿನ ಒಳಹಾಳೆಗಳನ್ನು ಹಂಚಿ ಮುಗಿಸಿದ ಫಕೀರೇಶ ಅಡುಗೆಮನೆಯ ಕಡೆ ಕತ್ತು ಉದ್ದ ಮಾಡಿ, ಬಹಳ ಕಾಳಜಿಯಿಂದ ಕೇಳಿದ:

"ಯಾಕ್ರಿ ಮಾಮಾರ, ನಿನ್ನೆ ರಾತ್ರಿಯಿಂದ ಮಾತಿಲ್ಲ ಕತಿಯಿಲ್ಲ. ಈಗ ನೀವೂ ವ್ರತ ಹಿಡದೀರೇನು?"