ಅಳತೆಗೋಲಿನ ಅಳತೆ

ಹೆಂಡತಿ ಒಳಗಿರುವಾಗಲೇ ಅವರು ಹೊರಗಿನಿಂದ ಮನೆಗೆ ಬೀಗ ಜಡಿದು ಕೆಲಸಕ್ಕೆ ಬಂದುಬಿಟ್ಟಿದ್ದರು. ಅದೂ ಒಂದೇ ವಾರದಲ್ಲಿ ಎರಡನೆಯ ಸಲ.

ಫೋನಿನಲ್ಲಿ ಹೆಂಡತಿ ಬೈಯಲಿಲ್ಲ. "ಪಕ್ಕದ ಮನೆಯವರು ಏಣಿ ಹಾಕಿ ಇಳಿಸಿಕೊಂಡ್ರು ರೀ. ಬೀದಿಗೆ ಬೀದೀನೇ ನಿಂತು ನೋಡ್ತು. ಅದು ಹಾಳಾಗ್ಲಿ. ನಿಮ್ಮ ಆಸ್ಪತ್ರೇಲೇ ಇವತ್ತು ಒಂದ್ಸಲ ತೋರಿಸ್ಕೊಂಡು ಬನ್ನಿ." ಆ ಮೆತ್ತಗಿನ ದನಿಗೇ ಅವರು ಹೆದರಿದರು.

ಆಸ್ಪತ್ರೆಯ ಬೋರ್ಡಿನಲ್ಲಿರುವುದು 'ನೆನಪಿನ ಕ್ಲಿನಿಕ್'. ಜನರ ಬಾಯಲ್ಲಿ ಅದು ಮರೆವಿನ ಆಸ್ಪತ್ರೆ. ಅಲ್ಲಿ ಇವರು ಮುಖ್ಯ ಪರೀಕ್ಷಕರು, ಅಡ್ಡಹೆಸರು ಅಳತೆಗೋಲು. ಹಿಂದೆಲ್ಲ ಒಬ್ಬ ಡಾಕ್ಟರು ಸೊಸೆಯ ಹೆಸರು ಕೇಳಿದರೆ ಇನ್ನೊಬ್ಬರು ಹಾಡು ಹೇಳಿಸುತ್ತಿದ್ದರು. ಒಂದೇ ಅಜ್ಜ ಕೆಳಗಿನ ಮಹಡಿಯಲ್ಲಿ ಪಾಸು, ಮೇಲಿನ ಮಹಡಿಯಲ್ಲಿ ಫೇಲು. ಇದನ್ನು ಸಹಿಸದೆ ಅಳತೆಗೋಲು ವರ್ಷಗಟ್ಟಲೆ ಗುದ್ದಾಡಿ, ದೇಶದ ಎಲ್ಲ ಕ್ಲಿನಿಕ್ಕುಗಳಿಗೂ ಒಂದೇ ಪರೀಕ್ಷೆ, ಅವೇ ಪದ, ಅದೇ ದನಿ ಎಂದು ಮಾಡಿಸಿದ್ದರು.

ಇವತ್ತು ಅವರನ್ನೇ ಪರೀಕ್ಷಿಸಲು ಕಿರಿಯ ಪರೀಕ್ಷಕಿ ಎದುರು ಕೂತಳು. "ಐದು ಪದ ಹೇಳ್ತೀನಿ ಸರ್, ಗಮನವಿಟ್ಟು ಕೇಳಿ."

"ಹಗ್ಗ, ಕನ್ನಡಿ, ಕುದುರೆ, ಹಸಿರು, ಬಾಗಿಲು."

"ನಾನಿನ್ನೂ ಹೇಳೇ ಇಲ್ಲ ಸರ್."

"ಹೇಳಮ್ಮ. ಪದಪದದ ನಡುವೆ ಒಂದು ಉಸಿರು ಬಿಡು. ಬಾಗಿಲಿಗೆ ಬಂದಾಗ ದನಿ ಇಳೀಬಾರದು."

ಪೂರ್ತಿ ಅಂಕ ಬಂತು. ಡಾಕ್ಟರು ಮಾತ್ರ ನಗಲಿಲ್ಲ. "ಇದನ್ನ ನಂಬಕ್ಕಾಗಲ್ಲ ಸರ್. ನೀವು ನಿದ್ದೇಲೂ ಒಪ್ಪಿಸ್ತೀರಿ."

"ಹಾಗಾದ್ರೆ ಇನ್ನೊಂದು ಪ್ರಶ್ನೆಪತ್ರಿಕೆ ಕೊಡಿ."

"ಇನ್ನೊಂದು ಎಲ್ಲಿದೆ ಸರ್? ಒಂದೇ ಸಾಕು ಅಂತ ಹಠ ಹಿಡಿದೋರು ಯಾರು?"

ಅಳತೆಗೋಲು ತಲೆ ತಗ್ಗಿಸಿದರು. "ಬೇರೆ ಊರಿಗೆ ಹೋಗ್ಲಾ?"

"ಹೋಗಿ. ಅಲ್ಲೂ ಹಗ್ಗ, ಕನ್ನಡಿ, ಕುದುರೆ."

ಊರಿನ ತಕ್ಕಡಿಗಳನ್ನೆಲ್ಲ ಗುಜರಿಗೆ ಹಾಕಿಸಿ ಒಂದನ್ನೇ ಉಳಿಸಿಕೊಂಡವನಿಗೆ, ಆ ತಕ್ಕಡಿಯನ್ನೇ ತೂಗಬೇಕಾಗಿ ಬಂದಂತಾಯಿತು.

ಸುದ್ದಿ ಹಬ್ಬಿ ಸಲಹೆಗಾರರು ನೆರೆದರು. "ಬೀಗಾನೇ ಕಿತ್ತು ಬಿಸಾಕಿ ಸರ್, ಕಾಯಿಲೆ ಹೋಯ್ತು," ಎಂದರು ಕಾಂಪೌಂಡರು. "ಪರೀಕ್ಷೇನೇ ಮರೆಯೋವರೆಗೂ ಕಾಯಿರಿ. ಅದೇ ರಿಸಲ್ಟು," ಎಂದರು ಗುಮಾಸ್ತರು.

ಕೊನೆಗೆ ಡಾಕ್ಟರೇ ಹೇಳಿದರು: "ನಿಮ್ಮ ಪರೀಕ್ಷೆ ಬೇಡ ಅಂತ ಜಗಳಾಡಿ ಕೆಲಸ ಬಿಟ್ರಲ್ಲ, ಆ ಹಿರಿಯ ಡಾಕ್ಟ್ರು, ಅವರೊಬ್ರೇ ಗತಿ." ಅವರು ಮಾತಾಡಿಸಿಯೇ ಕಾಯಿಲೆ ಹಿಡಿಯುತ್ತಿದ್ದವರು; ಮುಂದಿನ ಪ್ರಶ್ನೆ ಏನೆಂದು ಅವರಿಗೇ ಗೊತ್ತಿರುತ್ತಿರಲಿಲ್ಲ.

ಸಂಜೆ ಗಂಡಹೆಂಡತಿ ಅವರ ಮನೆಗೆ ಹೋದರು.

"ಹಳೇ ಜಗಳ ಮನಸ್ಸಲ್ಲಿ ಇಟ್ಕೋಬೇಡಿ ಡಾಕ್ಟ್ರೇ," ಎಂದರು ಅಳತೆಗೋಲು.

"ಜಗಳ ನೆನಪಿದೆ ಅನ್ನಿ. ಒಳ್ಳೇ ಲಕ್ಷಣ. ಕೂತ್ಕೊಳ್ಳಿ."

ಬೀಗದ ಕತೆಯನ್ನು ಹೆಂಡತಿ ಹೇಳಿದರು. "ನನಗಿರೋದು ಕಾಯಿಲೆನೋ ಬರೀ ವಯಸ್ಸಿನ ಮರೆವೋ, ಅಷ್ಟು ಹೇಳಿಬಿಡಿ," ಎಂದರು ಅಳತೆಗೋಲು. "ನಿಮ್ಮ ಹಳೇ ಥರಾನೇ ಏನಾದ್ರೂ ಕೇಳಿ."

ಹಿರಿಯ ಡಾಕ್ಟರು ಆಗದೆಂದು ತಲೆಯಾಡಿಸಿದರು.

"ಸಿಟ್ಟಲ್ಲಿ ಕೆಲಸ ಬಿಟ್ಟೆ, ನಿಜ. ಆಮೇಲೆ ಕೂತು ಯೋಚಿಸ್ದೆ. ಚೆನ್ನಾಗಿ ಮಾತಾಡಿದ್ರು ಅಂತ ಎಷ್ಟು ಜನಕ್ಕೆ ಏನೂ ಇಲ್ಲ ಹೋಗಿ ಅಂದಿದ್ನೋ, ಅವರ ಮನೆಯವರಿಗೇ ಗೊತ್ತು. ನೀವು ಹೇಳಿದ್ದೇ ಸರಿ. ಇನ್ನು ಆ ತಪ್ಪು ಮಾಡಲ್ಲ, ಅದರಲ್ಲೂ ನಿಮ್ಮ ವಿಷಯದಲ್ಲಿ."

ಬೆನ್ನು ನೆಟ್ಟಗೆ ಮಾಡಿಕೊಂಡು, ಅಳತೆಗೋಲಿನದೇ ದನಿಯಲ್ಲಿ ಶುರುಮಾಡಿದರು: "ಐದು ಪದ ಹೇಳ್ತೀನಿ. ಗಮನವಿಟ್ಟು ಕೇಳಿ."

ಹೆಂಡತಿ ಗಂಡನ ಕೈ ಹಿಡಿದುಕೊಂಡರು. ಅಳತೆಗೋಲು ಕಣ್ಣು ಮುಚ್ಚಿ, ಒಂದೇ ಒಂದು ಪದವಾದರೂ ಮರೆತುಹೋಗಿರಲಪ್ಪ ಎಂದು ಬೇಡಿಕೊಂಡರು.

ಒಂದೂ ಮರೆತಿರಲಿಲ್ಲ.